ನಮ್ಮನೆ ಪೂಲ್ ಟೈಲ್ಸ್ ಪೂರ್ತಿ ಕಿತ್ತು ಮತ್ತೆ ಹಾಕ್ಸಿದ್ದು – ನನ್ನ ಅನುಭವ

ಮೈಸೂರಿಂದ ಸ್ವಲ್ಪ ಆಚೆ, ಟಿ. ನರಸೀಪುರ ರೋಡ್ ಕಡೆ ನಮ್ಮನೆ. ಅಪ್ಪಂಗೆ ಮಂಡಿ ಆಪರೇಷನ್ ಆದ್ಮೇಲೆ ನೀರಲ್ಲಿ ನಡೆದ್ರೆ ಒಳ್ಳೇದು ಅಂತ ಫಿಸಿಯೋದವ್ರು ಹೇಳಿದ್ರು, ಅದಕ್ಕೇ 2016ರಲ್ಲಿ ಹಿತ್ತಲಲ್ಲಿ ಪುಟ್ಟ ಪೂಲ್ ಕಟ್ಟಿಸಿದ್ವಿ. 20 ಅಡಿ ಉದ್ದ, 10 ಅಡಿ ಅಗಲ, ಸರಾಸರಿ 4 ಅಡಿ ಆಳ, ಅಂದ್ರೆ ಹತ್ತಿರತ್ರ 22,600 ಲೀಟರ್ ನೀರು. ಈ ಲೆಕ್ಕ ಮೊದಲು ಗೊತ್ತಿರ್ಬೇಕು, ಯಾಕಂದ್ರೆ ಕ್ಲೋರಿನ್ ಎಷ್ಟು, ಆಸಿಡ್ ಎಷ್ಟು, ಟ್ಯಾಂಕರ್ ಎಷ್ಟು, ಎಲ್ಲಾ ಅದರ ಮೇಲೇ ನಿಂತಿರೋದು.

ಮೊದಲ ಐದಾರು ವರ್ಷ ಮೇಂಟೆನೆನ್ಸ್‌ಗೆ ಒಬ್ಬ ಹುಡುಗ ಬರ್ತಿದ್ದ. ವಾರಕ್ಕೊಂದ್ಸಲ ಬಂದು ಒಂದಿಷ್ಟು ಆಸಿಡ್ ಸುರಿದು, ತೇಲೋ ಡಬ್ಬಿಗೆ ಕ್ಲೋರಿನ್ ಮಾತ್ರೆ ತುಂಬಿ ಹೋಗ್ತಿದ್ದ, ನೀರು ಫಳಫಳ ಅಂತಿತ್ತು, ನಾವೂ ಖುಷಿಯಾಗಿದ್ವಿ. ಒಂದಿನ ಮೆಟ್ಟಿಲ ಹತ್ರ ಟೈಲ್ಸ್ ಸಂದಿಗೆ ಉಗುರು ತಾಗಿಸಿದ್ರೆ ವೈಟ್ ಸಿಮೆಂಟು ಮರಳಿನ ಥರ ಉದುರಿ ಕೈಗೆ ಬಂತು. ಆವಾಗ್ಲೇ ನಾನು ಟೆಸ್ಟ್ ಕಿಟ್ ತಂದಿದ್ದು. ಪಿಎಚ್ ಅಂದ್ರೆ ನೀರಿನ ಹುಳಿಯ ಅಳತೆ, ಅಂಕಿ ಕಮ್ಮಿಯಾದಷ್ಟೂ ಹುಳಿ ಜಾಸ್ತಿ. ಅದರ ಟ್ಯೂಬ್‌ಗೆ ಕಿಟ್‌ನ ದ್ರಾವಣ ಐದು ಹನಿ ಬಿಟ್ರೆ ನೀರು ಅರಿಶಿನದ ಬಣ್ಣಕ್ಕೆ ತಿರುಗ್ತು. ಕಿಟ್ ಜೊತೆ ಬರೋ ಬಣ್ಣದ ಪಟ್ಟೀಲಿ ಅದು 6.8, ಅದಕ್ಕಿಂತ ಕೆಳಗೆ ಹೋಗಿದ್ರೂ ಆ ಕಿಟ್ ತೋರಿಸಲ್ಲ. ಇರ್ಬೇಕಾಗಿರೋದು 7.2ರಿಂದ 7.6. ಆ ಮಾತ್ರೆ, ಅಂದ್ರೆ ಟಿಸಿಸಿಎ ಅನ್ನೋ ಕ್ಲೋರಿನ್ ರಾಸಾಯನಿಕ, ಅದೇ ಹುಳಿ, ಅದ್ರ ಮೇಲೆ ಲೆಕ್ಕ ಇಲ್ದೆ ಆಸಿಡ್ ಬೇರೆ. ಸಿಮೆಂಟ್ ಅನ್ನೋದು ಸುಣ್ಣದ ವಸ್ತು, ಹುಳಿ ನೀರಲ್ಲಿ ವರ್ಷಗಟ್ಲೆ ಇದ್ರೆ ಕರಗದೆ ಇನ್ನೇನಾಗುತ್ತೆ ಹೇಳಿ. ನೀರು ಕನ್ನಡಿ ಥರ ಇದೆ ಅಂದ್ಬಿಟ್ರೆ ನೀರು ಚೆನ್ನಾಗಿದೆ ಅಂತಲ್ಲ, ಇದನ್ನ ಪೂಲ್ ಇಟ್ಕೊಂಡಿರೋ ಎಲ್ಲರಿಗೂ ಕೈ ಹಿಡಿದು ಹೇಳ್ಬೇಕು ಅನ್ಸುತ್ತೆ ನಂಗೆ.

2022ರಲ್ಲಿ ಒಬ್ಬ ಕಾಂಟ್ರಾಕ್ಟರ್ ಬಂದು ಬರೀ ಸಂದಿ ತುಂಬಿದ್ರೆ ಸಾಕು ಅಂದ್ರು, ಮತ್ತೆ ಅದೇ ವೈಟ್ ಸಿಮೆಂಟ್ ಬಳಿದ್ರು, ಹನ್ನೊಂದು ತಿಂಗಳಿಗೆ ಎಲ್ಲಾ ಎದ್ದು ಬಂತು. ಅಷ್ಟೊತ್ತಿಗೆ ನೀರೂ ಇಳಿಯೋಕೆ ಶುರುವಾಗಿತ್ತು. ಬಿಸಿಲಿಗೆ ಆವಿ ಆಗ್ತಿದೆ ಅಂತ ಎಲ್ಲರೂ ಹೇಳೋರೇ. ಅದನ್ನ ತಿಳ್ಕೊಳ್ಳೋಕೆ ಖರ್ಚೇ ಇಲ್ದಿರೋ ದಾರಿ ಬಕೆಟ್ ಟೆಸ್ಟ್. ಪೂಲ್ ಮೆಟ್ಟಿಲ ಮೇಲೆ ಒಂದು ಬಕೆಟ್ ಇಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಮಟ್ಟಕ್ಕೆ ಬರೋ ಹಂಗೆ ತುಂಬಿಸಿ, ಎರಡೂ ಕಡೆ ಗುರುತು ಹಾಕಿ, ಪಂಪ್ ಆಫ್ ಮಾಡಿ, 24 ಗಂಟೆ ಬಿಡ್ಬೇಕು. ಆವಿ ಆಗೋದು ಎರಡಕ್ಕೂ ಒಂದೇ ತಾನೇ. ನಮ್ಮ ಬಕೆಟ್‌ನಲ್ಲಿ ಇಳಿದಿದ್ದು 6 ಮಿಲಿಮೀಟರ್, ಪೂಲ್‌ನಲ್ಲಿ 22. ಆ 16 ಮಿಲಿಮೀಟರ್ ವ್ಯತ್ಯಾಸ ನೋಡೋಕೆ ಕಡ್ಡಿಯಷ್ಟು ದಪ್ಪ, ಆದ್ರೆ ನಮ್ಮ ಪೂಲ್ ಅಳತೆಗೆ ದಿನಕ್ಕೆ 300 ಲೀಟರ್ ಹತ್ರ ಮಣ್ಣಿಗೆ ಹೋಗ್ತಿತ್ತು.

ಆಮೇಲೆ ನೀರು ತುಂಬಿಸದೆ ಹಂಗೇ ಬಿಟ್ಟೆ, ಎಲ್ಲಿ ನಿಲ್ಲುತ್ತೆ ನೋಡೋಣ ಅಂತ. ಲೈಟ್ ಕೂರಿಸಿರೋ ಮಟ್ಟಕ್ಕೆ ಬಂದು ಇಳಿಯೋದು ನಿಧಾನ ಆಯ್ತು. ಬಟ್ಟೆಗೆ ಹಾಕೋ ನೀಲಿಯನ್ನ ಸಿರಿಂಜ್‌ಗೆ ತುಂಬ್ಕೊಂಡು, ನೀರು ಅಲುಗದ ಹಂಗೆ ಇಳಿದು, ಲೈಟ್ ಸುತ್ತ ಒಂದೊಂದೇ ಹನಿ ಬಿಟ್ಟೆ. ಮೂರು ಕಡೆ ನೀಲಿ ಹೊಗೆ ಥರ ಅಲ್ಲೇ ತೇಲ್ತಾ ಇತ್ತು, ನಾಲ್ಕನೇ ಕಡೆ ಸಣ್ಣ ದಾರದ ಹಾಗೆ ಎಳ್ಕೊಂಡು ಗೋಡೆ ಒಳಕ್ಕೆ ಹೋಯ್ತು. ಅದನ್ನ ನೋಡ್ತಾ ಎಷ್ಟೊತ್ತು ನಿಂತಿದ್ನೋ ಗೊತ್ತಿಲ್ಲ.

ಖಾಲಿ ಮಾಡೋದು ಯಾವಾಗ ಅನ್ನೋದು ದೊಡ್ಡ ವಿಷ್ಯ. ಮಳೆಗಾಲದಲ್ಲಿ ದಯವಿಟ್ಟು ಖಾಲಿ ಮಾಡ್ಬೇಡಿ. ಖಾಲಿ ಪೂಲ್ ಅಂದ್ರೆ ನೆಲದಲ್ಲಿ ಹೂತಿಟ್ಟ ದೋಣಿ ಇದ್ದಂಗೆ, ಸುತ್ತ ಮಣ್ಣಲ್ಲಿ ನೀರು ತುಂಬಿದ್ರೆ ಅದು ಕೆಳಗಿಂದ ಒತ್ತಿ ತಳಾನೇ ಸೀಳಿಬಿಡುತ್ತೆ, ಇಡೀ ಪೂಲೇ ಎದ್ದು ಬರೋದೂ ಉಂಟು. ನಾವು 2024ರ ಜನವರಿ ಆರಿಸ್ಕೊಂಡ್ವಿ. ಹಿಂದಿನ ಮಳೆಗಾಲ ಕೈಕೊಟ್ಟು ಬರಗಾಲ ಆಗಿತ್ತಲ್ಲ, ನೆಲ ಒಣಗಿತ್ತು. ಆ ವರ್ಷ ಅಷ್ಟು ನೀರು ಚೆಲ್ಲೋಕೆ ಮನಸ್ಸು ಬರ್ಲಿಲ್ಲ, ಹತ್ತು ಹದಿನೈದು ದಿನ ಕ್ಲೋರಿನ್ ಹಾಕದೆ ಬಿಸಿಲಿಗೆ ಬಿಟ್ಟು, ಪಿಎಚ್ ಸರಿ ಮಾಡಿ, ಕಿಟ್‌ನಲ್ಲಿ ಕ್ಲೋರಿನ್ ಸೊನ್ನೆ ಬಂದ್ಮೇಲೆ ತೆಂಗಿನ ಬುಡಕ್ಕೆ ಸ್ವಲ್ಪ ಸ್ವಲ್ಪವೇ ಬಿಟ್ವಿ.

ಮೇಸ್ತ್ರಿ ಬಂದವ್ರೇ ಕರಣೆ ಹಿಡಿ ತಿರುಗಿಸಿ ಗೋಡೆ ಉದ್ದಕ್ಕೂ ಟಕ್ ಟಕ್ ಅಂತ ತಟ್ತಾ ಹೋದ್ರು. ಗಟ್ಟಿ ಇರೋ ಕಡೆ ಸದ್ದು ಬೇರೆ, ಟೊಳ್ಳು ಇರೋ ಕಡೆ ಬೇರೆ. ಅರ್ಧಕ್ಕಿಂತ ಹೆಚ್ಚು ಟೊಳ್ಳು. ನಾಲ್ಕು ಟೈಲ್ಸ್ ಕೈಯಲ್ಲೇ ಕಿತ್ತು ತೋರಿಸಿ, "ಟೈಲ್ಸ್‌ದೇನೂ ತಪ್ಪಿಲ್ಲ ಸಾ, ಹಿಂದುಗಡೆ ಏನೂ ಮಾಡಿಲ್ಲ ಇವ್ರು, ಬರೀ ಗಾರೆ ಮೇಲೆ ಸಿಮೆಂಟ್ ಹಾಲು ಬಳಿದು ಅಂಟಿಸವ್ರೆ" ಅಂದ್ರು. "ಪೂರ್ತಿ ಕೀಳಲೇಬೇಕಾ ಮೇಸ್ತ್ರಿ?" ಅಂದೆ. "ಅರ್ಧ ಕಿತ್ರೆ ಇನ್ನರ್ಧಕ್ಕೆ ಮುಂದಿನ ವರ್ಷ ಮತ್ತೆ ನನ್ನೇ ಕರೀತೀರ" ಅಂದ್ರು. ಕೀಳೋಣ ಅಂದೆ.

ಈ ಕೆಲಸದಲ್ಲಿ ನಂಗೆ ಅರ್ಥ ಆಗಿದ್ದು ಇಷ್ಟೇ, ನೀರು ಹಿಡಿಯೋದು ಟೈಲ್ಸ್ ಅಲ್ಲ, ಅದರ ಹಿಂದಿರೋ ಕಾಂಕ್ರೀಟು ಮತ್ತೆ ವಾಟರ್‌ಪ್ರೂಫ್ ಕೋಟಿಂಗು. ಟೈಲ್ಸ್ ಮೈಮೇಲಿನ ಬಟ್ಟೆ ಅಷ್ಟೇ. ಹಂಗಾಗಿ ದುಡ್ಡೂ ಟೈಮೂ ಅಲ್ಲಿ ಹಾಕಿದ್ವಿ. ಹಳೇ ಗಾರೆಯನ್ನ ಕಾಂಕ್ರೀಟ್ ಕಾಣೋವರೆಗೂ ಕೆತ್ತಿದ್ರು. ಸಣ್ಣ ಬಿರುಕು ಇದ್ದ ಕಡೆ ವಿ ಆಕಾರಕ್ಕೆ ಅಗಲ ಮಾಡಿ ಪಾಲಿಮರ್ (ಪ್ಲಾಸ್ಟಿಕ್ ಥರದ ಅಂಟು) ಸೇರಿಸಿದ ಗಾರೆ ತುಂಬಿದ್ರು, ಲೈಟ್ ಸುತ್ತ, ಪೈಪ್ ಬಾಯಿ ಸುತ್ತ ಎಲ್ಲಾ ಕುಗ್ಗದಿರೋ ಗ್ರೌಟ್ (ಸಂದಿ ತುಂಬೋ ಗಾರೆ) ಹಾಕಿ ಮುಚ್ಚಿದ್ರು. ಗೋಡೆ ನೆಲ ಸೇರೋ ಮೂಲೆ ಚೂಪಾಗಿದ್ರೆ ಕೋಟಿಂಗ್ ಅಲ್ಲೇ ಬಿರಿಯೋದು, ಅದಕ್ಕೆ ಮೂಲೆ ಪೂರ್ತಿ ಗುಂಡಗೆ ಮಾಡಿ ಫೈಬರ್ ಮೆಶ್ ಕೂರಿಸಿದ್ರು. ಆಮೇಲೆ ಸಿಮೆಂಟ್-ಪಾಲಿಮರ್ ಕೋಟಿಂಗ್ ಎರಡು ಕೈ, ಮೊದಲನೇದು ಅಡ್ಡಡ್ಡ, ಅದು ಒಣಗಿದ ಮೇಲೆ ಎರಡನೇದು ಉದ್ದುದ್ದ.

ಕೋಟಿಂಗ್ ಪೂರ್ತಿ ಗಟ್ಟಿಯಾದ ಮೇಲೆ ಟೈಲ್ಸ್ ಹಾಕೋಕೆ ಮುಂಚೆ ಪೂರ್ತಿ ನೀರು ತುಂಬಿಸಿ ಮೂರು ದಿನ ಬಿಟ್ವಿ. ಕೆಲಸದವರಿಗೆ ಇದು ಇಷ್ಟ ಆಗಲ್ಲ, ದಿನ ಹಾಳು ಅಂತಾರೆ, ನೀರೂ ಖರ್ಚು, ಆದ್ರೆ ದಯವಿಟ್ಟು ಬಿಡ್ಬೇಡಿ. ಎರಡನೇ ದಿನ ಬಕೆಟ್ ಗುರುತಿಗೂ ಪೂಲ್ ಗುರುತಿಗೂ 3 ಮಿಲಿಮೀಟರ್ ವ್ಯತ್ಯಾಸ ಬಂತು. ಎಲ್ಲಿ ಅಂತ ಹುಡುಕಿದ್ರೆ ನೀರು ವಾಪಸ್ ಬರೋ ಪೈಪಿನ ಬಾಯಲ್ಲಿ ಕೂದಲೆಳೆಯಷ್ಟು ಸಂದು. ಟೈಲ್ಸ್ ಹಾಕಿದ ಮೇಲೆ ಗೊತ್ತಾಗಿದ್ರೆ ಮತ್ತೆ ಒಡೀಬೇಕಿತ್ತು. ನೀರನ್ನ ಸಂಪಿಗೆ ಮತ್ತೆ ಪಕ್ಕದ ತೋಟದ ತೊಟ್ಟಿಗೆ ಪಂಪ್ ಮಾಡಿ, ಸಂದು ಮುಚ್ಚಿ, ಮತ್ತೆ ಅದೇ ನೀರು ತುಂಬಿಸಿ ನೋಡಿದ್ವಿ.

ಟೈಲ್ಸ್ ಗಾಜಿನ ಮೊಸಾಯಿಕ್, ತಿಳಿ ನೀಲಿ. ಗಾಜು ನೀರು ಹೀರಲ್ಲ, ಅದಕ್ಕೆ ಬರೀ ಸಿಮೆಂಟ್ ಹಿಡಿಯಲ್ಲ, ಪೂಲ್‌ಗೇ ಅಂತ ಇರೋ ಬಿಳೀ ಅಡೆಸಿವ್ ಬೇಕು, ಹಿಂದೆ ಒಂಚೂರೂ ಟೊಳ್ಳು ಉಳಿಯದ ಹಂಗೆ ಒತ್ತಬೇಕು. ಸಂದಿಗೆ ಈ ಸಲ ಎಪಾಕ್ಸಿ ಗ್ರೌಟ್, ಅಂದ್ರೆ ಸಿಮೆಂಟ್ ಬದಲು ಗಟ್ಟಿಯಾಗೋ ರಾಳದಿಂದ ಮಾಡಿದ್ದು. ದುಬಾರಿ ನಿಜ, ಆದ್ರೆ ಆಸಿಡ್‌ಗೆ ಸಿಮೆಂಟ್ ಥರ ಕರಗಲ್ಲ. ಕಲಸಿದ ಮೇಲೆ ಮುಕ್ಕಾಲು ಗಂಟೆ ಒಳಗೆ ಗಟ್ಟಿಯಾಗುತ್ತೆ, ಅದಕ್ಕೆ ಸ್ವಲ್ಪ ಸ್ವಲ್ಪವೇ ಕಲಸಿ ತುಂಬಿ ತಕ್ಷಣ ಬೆಚ್ಚಗಿನ ನೀರಲ್ಲಿ ಒರೆಸ್ತಾ ಹೋಗ್ಬೇಕು, ಬಿಟ್ರೆ ಟೈಲ್ಸ್ ಮೇಲೆ ಮಂಜು ಥರ ಪೊರೆ ಕಟ್ಟಿ ಹೋಗೋದೇ ಇಲ್ಲ. ಮುಗಿದ ಮೇಲೆ ಒಂದು ವಾರ ಮುಟ್ಲಿಲ್ಲ. ಎಲ್ಲಾ ಸೇರಿ ಎರಡೂವರೆ ಲಕ್ಷದ ಹತ್ರ ಆಯ್ತು.

ಫೆಬ್ರವರಿ ಕೊನೇಲಿ ಬೋರ್‌ವೆಲ್ ನೀರಲ್ಲೇ, ರಾತ್ರಿ ಹೊತ್ತು ಮಾತ್ರ ಬಿಟ್ಟು ತುಂಬಿಸಿದ್ವಿ. ಮುಂದಿನ ತಿಂಗಳೇ ಬೆಂಗಳೂರಲ್ಲಿ ಜಲಮಂಡಳಿ ಕುಡಿಯೋ ನೀರನ್ನ ಸ್ವಿಮ್ಮಿಂಗ್ ಪೂಲ್‌ಗೆ ಬಳಸಿದ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡ್ತು. ಅದನ್ನ ಓದಿದಾಗ ದಿನಕ್ಕೆ 300 ಲೀಟರ್ ಸೋರಿಸ್ಕೊಂಡು ಸುಮ್ನೆ ಇದ್ದ ದಿನಗಳು ನೆನಪಾಗಿ ತುಂಬಾ ಬೇಜಾರಾಯ್ತು.

ಮೊದಲ ಸಲ ಕ್ಲೋರಿನ್ ಹಾಕಿದಾಗ ತಿಳಿಯಾಗಿದ್ದ ನೀರು ಅರ್ಧ ಗಂಟೇಲಿ ಚಹಾ ಡಿಕಾಕ್ಷನ್ ಬಣ್ಣಕ್ಕೆ ಬಂತು, ಅಮ್ಮ ಗಾಬರಿ ಆಗ್ಬಿಟ್ರು. ಬೋರ್ ನೀರಲ್ಲಿರೋ ಕಬ್ಬಿಣದ ಅಂಶ ಕ್ಲೋರಿನ್ ತಾಗಿದ್ರೆ ಹಂಗೇ ಆಗೋದು. ಪಟಿಕ ಕರಗಿಸಿ ಹಾಕಿ, ಪಂಪ್ ಆಫ್ ಮಾಡಿ ರಾತ್ರಿಯೆಲ್ಲಾ ಬಿಟ್ರೆ ಬೆಳಿಗ್ಗೆ ಎಲ್ಲಾ ತಳದಲ್ಲಿ ಕಂದು ಕಂಬಳಿ ಹಾಸಿದ ಹಂಗೆ ಕೂತಿತ್ತು. ಅದನ್ನ ಫಿಲ್ಟರ್‌ಗೆ ಕಳಿಸದೆ, ವಾಲ್ವನ್ನ ವೇಸ್ಟ್‌ಗೆ (ನೀರು ನೇರ ಹೊರಗೆ ಹೋಗೋ ಕಡೆಗೆ) ತಿರುಗಿಸಿ ನಿಧಾನಕ್ಕೆ ವ್ಯಾಕ್ಯೂಮ್ ಮಾಡಿದೆ.

ಈಗ ಮೇಂಟೆನೆನ್ಸ್ ನಂದೇ. ವಾರಕ್ಕೆರಡು ಸಲ ಟೆಸ್ಟ್, ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರ್‌ಗೆ ಇಷ್ಟು ಮಿಲಿಗ್ರಾಂ ಅನ್ನೋ ಅಳತೆ) ಒಳಗೆ. ಪಿಎಚ್ 8 ದಾಟಿದ್ರೆ ಹಾಕಿದ ಕ್ಲೋರಿನ್‌ನ ಮುಕ್ಕಾಲು ಪಾಲು ಕೆಲಸಕ್ಕೇ ಬರಲ್ಲ, ಅದಕ್ಕೆ ಮೊದಲು ಪಿಎಚ್, ಆಮೇಲೆ ಕ್ಲೋರಿನ್. ಆಸಿಡ್ ಹಾಕಿದ್ರೂ ಅಳತೆ ಮಾಡಿ, ಬಕೆಟ್ ನೀರಿಗೆ ಆಸಿಡ್ ಹಾಕ್ತೀನಿ, ಆಸಿಡ್‌ಗೆ ನೀರು ಯಾವತ್ತೂ ಹಾಕಲ್ಲ. ಮಾತ್ರೆ ಬೇಸಿಗೇಲಿ ಮಾತ್ರ, ಉಳಿದ ದಿನ ಲಿಕ್ವಿಡ್ ಕ್ಲೋರಿನ್, ಯಾಕಂದ್ರೆ ಮಾತ್ರೆಯಿಂದ ನೀರಲ್ಲಿ ಸೇರೋ ಸಯನ್ಯೂರಿಕ್ ಆಸಿಡ್ ಬಿಸಿಲಿಂದ ಕ್ಲೋರಿನ್ ಕಾಯುತ್ತೆ ನಿಜ, ಆದ್ರೆ ಜಾಸ್ತಿಯಾದ್ರೆ ಕ್ಲೋರಿನ್ ಕೆಲಸ ಕುಂದುತ್ತೆ, ನೀರು ಬದಲಾಯಿಸದೆ ಕಮ್ಮಿ ಆಗಲ್ಲ. ಮತ್ತೆ ಒಂದು ಮಾತು, ಮಾತ್ರೆಯನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಡಬ್ಬೀಲಿ, ಒಂದೇ ಚಮಚದಲ್ಲಿ ಕೂಡ ಸೇರಿಸ್ಬೇಡಿ, ವಿಷಗಾಳಿ ಬರುತ್ತೆ, ಸಿಡಿಯೋದೂ ಉಂಟು. ಫಿಲ್ಟರ್‌ನ ಒತ್ತಡದ ಮೀಟರ್ ಮಾಮೂಲಿಗಿಂತ 8-10 ಪಿಎಸ್ಐ (ಒತ್ತಡದ ಅಳತೆ) ಏರಿದಾಗ ಬ್ಯಾಕ್‌ವಾಷ್, ಅಂದ್ರೆ ನೀರನ್ನ ಉಲ್ಟಾ ಹರಿಸಿ ಫಿಲ್ಟರ್ ತೊಳೆಯೋದು.

ಮೊನ್ನೆ ಮಳೆ ನಿಂತ ಮೇಲೆ ಮತ್ತೆ ಬಕೆಟ್ ಇಟ್ಟೆ. ಬಕೆಟ್‌ನಲ್ಲಿ 5, ಪೂಲ್‌ನಲ್ಲೂ 5. ಮೂರನೇ ಮೆಟ್ಟಿಲ ಹತ್ರ ಮಾತ್ರ ನಾಲ್ಕು ಟೈಲ್ಸ್ ತಟ್ಟಿದ್ರೆ ಸದ್ದು ಸ್ವಲ್ಪ ಬೇರೆ ಬರ್ತಿದೆ, ಅಪ್ಪ ಕಾಲಿಡೋ ಜಾಗ ಅದು. ಪೆನ್ಸಿಲ್‌ನಲ್ಲಿ ಗುರುತು ಹಾಕಿದೀನಿ, ಜನವರೀಲಿ ಮೇಸ್ತ್ರಿನ ಕರೆಸಿ ಅಷ್ಟನ್ನ ಮಾತ್ರ ತೆಗೆಸಿ ನೋಡ್ಬೇಕು.