ವಿಂಡೋಸ್ 10 ಹೋಯ್ತು, ಡಬ್ಬ ಮಾತ್ರ ಗಟ್ಟಿಯಾಗೇ ಇದೆ

ಇಂಟೆಲ್‌ನ ಏಳನೇ ಜನರೇಷನ್ ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ. ಇಂಥ ಕಂಪ್ಯೂಟರನ್ನು ಗುಜರಿಗೆ ಹಾಕಿ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಲೆಕ್ಕ ಬರೆಯುವ ಟ್ಯಾಲಿಗೆ ಸಾಕು, ಟೈಪಿಂಗಿಗೆ ಸಾಕು, ಪಹಣಿ ತೆಗೆಯೋದಕ್ಕೆ ಸಾಕು, ಸಂಜೆ ಮಕ್ಕಳು ಯೂಟ್ಯೂಬ್ ನೋಡೋದಕ್ಕೂ ಸಾಕು. ಆದರೂ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಲ್ಲಿಸಿತು, ಈ ಡಬ್ಬಗಳಿಗೆ ವಿಂಡೋಸ್ 11 ಕೊಡೋದಿಲ್ಲ ಎಂದಿತು. 2015ರಲ್ಲಿ ಅದೇ ಕಂಪನಿಯವರೊಬ್ಬರು ವೇದಿಕೆ ಮೇಲೆ ನಿಂತು ಇದೇ ಕೊನೇ ವಿಂಡೋಸ್ ಅಂದಿದ್ದರು. ಇರಲಿ ಬಿಡಿ.

ತಿಪಟೂರಿನಲ್ಲಿ ನನ್ನದೊಂದು ಚಿಕ್ಕ ಸರ್ವಿಸ್ ಅಂಗಡಿ. ಕೊಬ್ಬರಿ ಮಂಡಿಗಳ ಟ್ಯಾಲಿ ಮೆಷಿನ್‌ಗಳು, ಲಾಯರ್ ಆಫೀಸು, ಜೆರಾಕ್ಸ್ ಅಂಗಡಿ, ಡಿಟಿಪಿ, ಒಂದೆರಡು ಶಾಲೆಯ ಲ್ಯಾಬು, ಇವೇ ನನ್ನ ಗಿರಾಕಿಗಳು. ಹೊಸದು ತಗೊಳ್ಳೋರು ಕಡಿಮೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಬಂದ ಸೆಕೆಂಡ್ ಹ್ಯಾಂಡ್ ಬ್ರ್ಯಾಂಡೆಡ್ ಸಿಪಿಯುಗಳೇ ಜಾಸ್ತಿ. ಅಂದರೆ ಕಟ್ ಮಾಡಿದ ಗೆರೆ ಸರಿಯಾಗಿ ನನ್ನ ಗಿರಾಕಿಗಳ ಮೇಲೇ ಬಿತ್ತು. ಕಳೆದ ವರ್ಷದ ಕೊನೆಯ ತಿಂಗಳುಗಳು ಪೂರ್ತಿ ನನಗೆ ಇದೇ ಕೆಲಸವಾಯಿತು. ಯಾವ ಮೆಷಿನ್‌ಗೆ ಏನು ಮಾಡಿದೆ, ಯಾಕೆ ಮಾಡಿದೆ ಅಂತ ಹೇಳುತ್ತೇನೆ. ನಡುವೆ ನನ್ನ ಅಭಿಪ್ರಾಯಗಳೂ ಬರುತ್ತವೆ, ಸಹಿಸಿಕೊಳ್ಳಿ.

ಮೊದಲು ಕಂಪನಿಯ ವಾದ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಆನ್ ಆಗುವಾಗಲೇ ಕಳ್ಳ ಸಾಫ್ಟ್‌ವೇರ್ ನುಗ್ಗದಂತೆ ತಡೆಯುವ ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಆದರೆ ಎಂಟನೇ ಜನರೇಷನ್ ಅಥವಾ ಆಮೇಲಿನದು ಬೇಕು. ಟಿಪಿಎಂ ಅಂದರೆ ಡಿಸ್ಕ್ ಬೀಗದ ಕೀಲಿ ಇಂಥವನ್ನು ಹಾರ್ಡ್‌ವೇರ್ ಒಳಗೇ ಬಚ್ಚಿಡುವ ವ್ಯವಸ್ಥೆ. ಒಳ್ಳೇದೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆರನೇ, ಏಳನೇ ಜನರೇಷನ್‌ನ ಎಷ್ಟೋ ಬೋರ್ಡುಗಳಲ್ಲಿ ಟಿಪಿಎಂ 2.0 ಇದ್ದೇ ಇದೆ. ಬಯಾಸ್‌ಗೆ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್‌ಗೆ ಹೋಗಿ, ಪಿಟಿಟಿ ಅನ್ನೋ ಇಂಟೆಲ್‌ನ ಟಿಪಿಎಂ ಅನ್ನು ಆನ್ ಮಾಡಿದರೆ ಬರುತ್ತದೆ. ಆದರೂ ಪ್ರೊಸೆಸರ್ ಪಟ್ಟಿಯಲ್ಲಿಲ್ಲ ಅಂತ ಹೊರಗೆ. ತಮಾಷೆ ಏನೆಂದರೆ, ಏಳನೇ ಜನರೇಷನ್‌ನ ಐ7-7820ಎಚ್‌ಕ್ಯೂ ಅನ್ನೋ ಪ್ರೊಸೆಸರನ್ನು 2021ರಲ್ಲಿ ಪಟ್ಟಿಗೆ ಸೇರಿಸಿದರು. ಅದು ಯಾವುದರಲ್ಲಿತ್ತು ಗೊತ್ತಾ? ಮೈಕ್ರೋಸಾಫ್ಟೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2ರಲ್ಲಿ. ಸೆಕ್ಯುರಿಟಿ ಕಾರಣ ಪೂರ್ತಿ ಸುಳ್ಳು ಅಂತ ನಾನು ಹೇಳೋದಿಲ್ಲ. ಗೆರೆ ಎಳೆದ ಜಾಗದಲ್ಲಿ ಮಾತ್ರ ವ್ಯಾಪಾರದ ವಾಸನೆ ಇದೆ.

ಹಾಗಂತ ಅಪ್‌ಡೇಟ್ ಇಲ್ಲದೆ ಸುಮ್ನೆ ಓಡಿಸಿ, ಏನೂ ಆಗಲ್ಲ ಅನ್ನೋರ ಮಾತಿಗೂ ನಾನು ತಲೆ ಆಡಿಸುವುದಿಲ್ಲ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್, 2017ರ ಮೇ ತಿಂಗಳ ವಾನಾಕ್ರೈ ನೆನಪಿದೆಯಲ್ಲ? ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು. ಹಾಕಿಕೊಂಡಿರದವರು ಫೈಲುಗಳನ್ನು ಕಳೆದುಕೊಂಡರು. ಆಂಟಿವೈರಸ್ ಇದೆಯಲ್ಲ ಅಂತ ಮಂಡಿಯವರು ಕೇಳುತ್ತಾರೆ. ಬಾಗಿಲಿನ ಚಿಲಕ ಮುರಿದು ಬಿದ್ದಿರುವಾಗ ಕಾವಲಿಗೆ ಒಬ್ಬನನ್ನು ಕೂರಿಸಿದ ಹಾಗೆ ಅದು, ಅವನು ಎಷ್ಟು ಹೊತ್ತು ಎಚ್ಚರ ಇರುತ್ತಾನೆ?

ಇನ್ನೊಂದು ಕಡೆಯ ಮಾತೂ ಇದೆ. ಅಪ್‌ಡೇಟೇ ಕೆಡಿಸಿದ ದಿನವೂ ನೋಡಿದ್ದೇವೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಕಂಪನಿ ಕಳಿಸಿದ ಒಂದು ಕೆಟ್ಟ ಫೈಲಿನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್‌ಗಳು ನೀಲಿ ಪರದೆಗೆ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಸರಿ ಮಾಡಿದ್ದು ಹೇಗೆ? ಹೆಚ್ಚಿನ ಕಡೆ ಒಬ್ಬ ಟೆಕ್ನಿಷಿಯನ್ ಮೆಷಿನ್ ಮುಂದೆ ಕೂತು, ಸೇಫ್ ಮೋಡ್‌ಗೆ ಹೋಗಿ, ಆ ಫೈಲು ಅಳಿಸಿ, ಮತ್ತೆ ಆನ್ ಮಾಡಿ. ಕ್ಲೌಡ್ ಬಂದರೆ ನಿಮ್ಮಂಥವರಿಗೆ ಕೆಲಸ ಇರಲ್ಲ ಅಂತ ನನಗೆ ಹೇಳುತ್ತಿದ್ದವರಿಗೆ ಆ ಸುದ್ದಿಯನ್ನು ನಾನೇ ಫಾರ್ವರ್ಡ್ ಮಾಡಿದೆ.

ಈಗ ಕೆಲಸದ ವಿಷಯ. ಮೆಷಿನ್ ಬಂದಾಗ ಪ್ರೊಸೆಸರ್ ಯಾವುದು ಅಂತ ನಾನು ಮೊದಲು ನೋಡುವುದಿಲ್ಲ. ಇದರಲ್ಲಿ ಯಾವ ಪ್ರಿಂಟರ್ ಹಾಕಿದ್ದೀರಿ, ಡಿಜಿಟಲ್ ಸಿಗ್ನೇಚರ್ ಡಾಂಗಲ್ ಇದೆಯಾ, ಟ್ಯಾಲಿ ಇದೆಯಾ, ಹಳೇ ಕನ್ನಡ ಫೈಲುಗಳು ಯಾವುದರಲ್ಲಿವೆ ಅಂತ ಕೇಳುತ್ತೇನೆ. ವಿಂಡೋಸ್ ಒಳ್ಳೇದಾ, ಅದರ ಬದಲಿಗೆ ಹಾಕುವ ಫ್ರೀ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಒಳ್ಳೇದಾ ಅಂತ ಆನ್‌ಲೈನ್‌ನಲ್ಲಿ ಜಗಳ ಆಡುವವರು ಈ ನಾಲ್ಕು ಪ್ರಶ್ನೆ ಕೇಳುವುದೇ ಇಲ್ಲ. ನಮ್ಮ ಊರಲ್ಲಿ ಆಪರೇಟಿಂಗ್ ಸಿಸ್ಟಮ್ ಯಾವುದಿರಬೇಕು ಅಂತ ತೀರ್ಮಾನ ಮಾಡೋದು ಬಹಳ ಸಲ ಪ್ರಿಂಟರ್.

ಸುಲಭದ್ದು ಮೊದಲು. ಎಂಟನೇ ಜನರೇಷನ್ ಮತ್ತು ಆಮೇಲಿನ ಅಸೆಂಬಲ್ಡ್ ಮೆಷಿನ್‌ಗಳು ಕೆಲವು ಬಂದವು, ನಿಮ್ಮ ಪಿಸಿಗೆ ವಿಂಡೋಸ್ 11 ಆಗಲ್ಲ ಅನ್ನೋ ಮೆಸೇಜ್ ತೋರಿಸುತ್ತ. ಮಾಲೀಕರು ಆಗಲೇ ಹೊಸದಕ್ಕೆ ಕೊಟೇಶನ್ ತಂದಿದ್ದರು. ಅಲ್ಲಿ ತೊಂದರೆ ಇಷ್ಟೇ, ಜೋಡಿಸಿದವರು ಪಿಟಿಟಿ ಆಫ್ ಇಟ್ಟು ಹಳೇ ಲೆಗಸಿ ಮೋಡ್‌ನಲ್ಲಿ ವಿಂಡೋಸ್ ಹಾಕಿದ್ದರು. ಬ್ಯಾಕಪ್ ತೆಗೆದುಕೊಂಡು, ವಿಂಡೋಸ್ ಜೊತೆಗೇ ಬರುವ ಎಂಬಿಆರ್2ಜಿಪಿಟಿ ಕಮಾಂಡಿನಿಂದ ಡಿಸ್ಕನ್ನು ಜಿಪಿಟಿ ಅನ್ನೋ ಹೊಸ ವಿಂಗಡಣೆಗೆ ಬದಲಾಯಿಸಿ, ಆಮೇಲೆ ಬಯಾಸ್‌ನಲ್ಲಿ ಯುಇಎಫ್‌ಐ ಅನ್ನೋ ಹೊಸ ಬೂಟ್ ಮೋಡ್, ಸೆಕ್ಯೂರ್ ಬೂಟ್, ಪಿಟಿಟಿ ಆನ್ ಮಾಡಿದರೆ ಮುಗಿಯಿತು. ಈ ಕ್ರಮ ತಪ್ಪಬಾರದು. ಮೊದಲೇ ಬಯಾಸ್ ಬದಲಾಯಿಸಿದರೆ ಮೆಷಿನ್ ಬೂಟ್ ಆಗಲ್ಲ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ, ಹಾರ್ಡ್‌ವೇರ್ ಹೊಂದುವ ಮೆಷಿನ್‌ಗಳಲ್ಲಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗುತ್ತದೆ. ಬೀಗ ಬಿದ್ದಿದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಅದರ 48 ಅಂಕಿಯ ರಿಕವರಿ ಕೀ ಆ ಅಕೌಂಟ್‌ಗೆ ಹೋಗಿ ಕೂರುತ್ತದೆ. ನಮ್ಮ ಕಡೆ ಅಕೌಂಟ್ ಯಾರ ಹೆಸರಲ್ಲಿ ಇರುತ್ತದೆ? ಬಹಳ ಸಲ ಮೆಷಿನ್ ಹಾಕಿಕೊಟ್ಟ ಅಂಗಡಿ ಹುಡುಗನ ಮೇಲ್ ಐಡಿಯಲ್ಲಿ. ಒಬ್ಬರು ಮೇಷ್ಟ್ರು ಲ್ಯಾಪ್‌ಟಾಪ್ ತಂದರು. ಬೇರೆ ಊರಲ್ಲಿ ತಗೊಂಡಿದ್ದು. ಮದರ್‌ಬೋರ್ಡ್ ರಿಪೇರಿ ಆದ ಮೇಲೆ ನೀಲಿ ಪರದೆಯಲ್ಲಿ ಆ ರಿಕವರಿ ಕೀ ಕೇಳುತ್ತಿತ್ತು. ಹಾಕಿಕೊಟ್ಟ ಹುಡುಗ ಕೆಲಸ ಬಿಟ್ಟು ಹೋಗಿದ್ದಾನೆ, ಮೇಲ್ ಐಡಿ ಯಾರಿಗೂ ನೆನಪಿಲ್ಲ. “ನಿಮ್ಮ ಹತ್ರ ಏನೋ ಸಾಫ್ಟ್‌ವೇರ್ ಇರುತ್ತಲ್ಲಪ್ಪಾ, ಓಪನ್ ಮಾಡೋಕೆ?” ಅಂದರು. ಇಲ್ಲ ಸಾರ್, ಯಾರ ಹತ್ತಿರವೂ ಇಲ್ಲ. ಇದೆ ಅಂತ ಹೇಳುವವನು ದುಡ್ಡು ಹೊಡೆಯುತ್ತಾನೆ. ಮಗಳ ಮದುವೆ ಫೋಟೋಗಳು ಅದರಲ್ಲೇ ಉಳಿದವು.

ಈ ಬೀಗವನ್ನು ನಾನು ವಿರೋಧಿಸುವುದಿಲ್ಲ. ಕಳ್ಳತನ ಆದ ಲ್ಯಾಪ್‌ಟಾಪ್‌ಗೆ ಅದು ಬೇಕು. ನನ್ನ ವಿರೋಧ ಇರೋದು ಹೇಳದೆ ಹಾಕೋದಕ್ಕೆ. ಅದಕ್ಕೇ ಈಗ ನಾನು ಯಾವ ವಿಂಡೋಸ್ 11 ಮೆಷಿನ್ ಮುಟ್ಟಿದರೂ ಮೊದಲು ಆ ಕೀಯನ್ನು ಪ್ರಿಂಟ್ ತೆಗೆದು, ಬಿಲ್ಲಿನ ಜೊತೆ ಪಿನ್ ಮಾಡಿ ಕೊಡುತ್ತೇನೆ. ಅಕೌಂಟ್ ಗಿರಾಕಿಯ ಫೋನ್ ನಂಬರಿನಲ್ಲೇ ಆಗಬೇಕು. ಒಟಿಪಿ ಅವರ ಫೋನಿಗೇ ಬರಬೇಕು.

ಮಂಡಿಯವರದು ಬೇರೆ ಕಥೆ. ಟ್ಯಾಲಿ ಬೆಂಗಳೂರಿನ ಕಂಪನಿಯದೇ ಆದರೂ ವಿಂಡೋಸ್ ಬಿಟ್ಟು ಬರುವುದಿಲ್ಲ. ಟೆಂಡರ್, ಜಿಎಸ್‌ಟಿಗೆ ಹಾಕುವ ಸಿಗ್ನೇಚರ್ ಡಾಂಗಲ್‌ನ ಸಾಫ್ಟ್‌ವೇರೂ ವಿಂಡೋಸ್‌ನಲ್ಲೇ ನೆಮ್ಮದಿಯಾಗಿ ಓಡುತ್ತದೆ. ಇಲ್ಲಿ ಲಿನಕ್ಸ್ ಹಾಕಿ ಶೂರತನ ತೋರಿಸಿದರೆ ರಿಟರ್ನ್ ಹಾಕುವ ಕೊನೇ ದಿನ ರಾತ್ರಿ ನನಗೇ ಫೋನು. ಹಾಗಾಗಿ ಅವರ ಸ್ವಂತ ಮೆಷಿನ್‌ಗಳನ್ನು ವಿಂಡೋಸ್ 10ರ ಕೊನೇ ಆವೃತ್ತಿ 22ಎಚ್2ಗೆ ತಂದು, ಇಎಸ್‌ಯುಗೆ ಸೇರಿಸಿದೆ. ಒಂದು ವರ್ಷದ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಅದು. 30 ಡಾಲರ್ ಕೊಡಬಹುದು, ಅಥವಾ ಮೈಕ್ರೋಸಾಫ್ಟ್ ಅಕೌಂಟಿಗೆ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲ. ಒಂದು ಅಕೌಂಟಿನಲ್ಲಿ ಹತ್ತು ಮೆಷಿನ್ ತನಕ ಆಗುತ್ತದೆ. ಡೊಮೇನ್‌ಗೆ, ಅಂದರೆ ಕಂಪನಿಯ ಒಂದೇ ನೆಟ್‌ವರ್ಕ್ ಹಿಡಿತಕ್ಕೆ ಸೇರಿಸಿದ ಆಫೀಸು ಮೆಷಿನ್‌ಗಳಿಗೆ ಈ ದಾರಿ ಇಲ್ಲ, ಅವರಿಗೆ ಬೇರೆ ರೇಟು. ಯುರೋಪಿನವರಿಗೆ ಆ ಬ್ಯಾಕಪ್ ಷರತ್ತನ್ನೂ ಸಡಿಲಿಸಿದರು, ಅಲ್ಲಿನ ಗ್ರಾಹಕ ಸಂಘಟನೆಗಳು ಗಲಾಟೆ ಮಾಡಿದ್ದಕ್ಕೆ. ನಾವು ಗಲಾಟೆ ಮಾಡಲಿಲ್ಲ, ನಮಗೆ ಷರತ್ತು ಉಳಿಯಿತು.

ರೂಫಸ್ ಅನ್ನೋ ಟೂಲಿನಿಂದ ತಪಾಸಣೆ ತಪ್ಪಿಸಿ ಹಳೇ ಮೆಷಿನ್‌ಗೆ ವಿಂಡೋಸ್ 11 ಹಾಕಬಹುದಲ್ಲ ಅಂತ ಕೇಳುತ್ತೀರಿ. ಹಾಕಬಹುದು. ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಹಾಗೇ ಹಾಕಿಕೊಂಡಿದ್ದೇನೆ. ಗಿರಾಕಿಗಳಿಗೆ ಹಾಕುವುದಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಅದಕ್ಕೆ ತಾನಾಗಿ ಬರುವುದಿಲ್ಲ, ಕೈಯಾರೆ ಹಾಕಬೇಕು. ಜೊತೆಗೆ ಕಂಪನಿ ಯಾವತ್ತು ಬಾಗಿಲು ಹಾಕುತ್ತದೋ ಹೇಳೋಕಾಗಲ್ಲ. 24ಎಚ್2ರಲ್ಲೇ ನೋಡಿ, ಪಾಪ್‌ಕೌಂಟ್ ಅನ್ನೋ ಪ್ರೊಸೆಸರ್ ಇನ್‌ಸ್ಟ್ರಕ್ಷನ್ ಕಡ್ಡಾಯ ಆದ ಮೇಲೆ ಅದಿಲ್ಲದ ಹಳೇ ಕೋರ್ 2 ಡ್ಯುಯೊ ಮೆಷಿನ್‌ಗಳು ಬೂಟೇ ಆಗುತ್ತಿಲ್ಲ. ಅಲ್ಲಿ ಯಾವ ಟೂಲೂ ನಡೆಯಲ್ಲ.

ಉಳಿದವರಿಗೆ ಲಿನಕ್ಸ್ ಮಿಂಟ್. ಮೆಮೊರಿ 4 ಜಿಬಿ ಇದ್ದರೆ ಅದರ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ, 8 ಇದ್ದರೆ ಸಿನಮನ್ ಆವೃತ್ತಿ. ಮಿಂಟ್ 22ಕ್ಕೆ 2029ರ ತನಕ ಅಪ್‌ಡೇಟ್ ಇದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ ಮೇಲೆ ಮೂರನೇ ಜನರೇಷನ್ ಐ3 ಕೂಡ ಚುರುಕಾಗಿ ಓಡುತ್ತದೆ. ಹಾಕಿದ ಕೂಡಲೇ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡುತ್ತೇನೆ, ಏನಾದರೂ ಎಡವಟ್ಟಾದರೆ ಹಿಂದಕ್ಕೆ ಹೋಗಬಹುದು. ಮನೆ ಬಳಕೆಯವರು, ಅಂಗಡಿಯಲ್ಲಿ ಬ್ರೌಸರ್ ಮಾತ್ರ ತೆರೆಯುವವರು, ವಾಟ್ಸಾಪ್ ವೆಬ್‌ನಲ್ಲೇ ದಿನ ಕಳೆಯುವವರು ಯಾರೂ ವಾಪಸ್ ಬಂದು ಗೊಣಗಲಿಲ್ಲ. “ಫ್ರೀ ಅಂತೀರಿ, ಮತ್ತೆ ಯಾಕಣ್ಣ ದುಡ್ಡು?” ಅಂತ ಮಾತ್ರ ಎಲ್ಲರೂ ಕೇಳಿದರು. ಸಾಫ್ಟ್‌ವೇರ್ ಫ್ರೀ, ಮಧ್ಯಾಹ್ನ ಪೂರ್ತಿ ಕೂತ ನಾನು ಫ್ರೀ ಅಲ್ಲ.

ಸಿಕ್ಕಿಹಾಕಿಕೊಂಡದ್ದು ಎರಡು ಕಡೆ. ಒಂದು ಪ್ರಿಂಟರ್. ಊರಿನ ಅರ್ಧ ಅಂಗಡಿಗಳಲ್ಲಿರುವ ಆ ಚಿಕ್ಕ ಲೇಸರ್ ಪ್ರಿಂಟರ್ ನಿಮಗೂ ಗೊತ್ತು, ಹೆಸರು ಹೇಳುವುದು ಬೇಡ. ಹದಿನೈದು ವರ್ಷವಾದರೂ ಸಾಯುವುದಿಲ್ಲ, ಲಿನಕ್ಸ್‌ಗೆ ಮಾತ್ರ ಬಗ್ಗುವುದಿಲ್ಲ. ಒಂದು ಲಾಯರ್ ಆಫೀಸಿನಲ್ಲಿ ಅದಕ್ಕಾಗಿಯೇ ಮಿಂಟ್ ತೆಗೆದು ಮತ್ತೆ ವಿಂಡೋಸ್ 10 ಹಾಕಿ ಇಎಸ್‌ಯುಗೆ ಸೇರಿಸಿದೆ. ಅದಕ್ಕೇ ಈಗ ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದ ಲೈವ್ ಬೂಟ್ ಮಾಡಿ, ಗಿರಾಕಿಯ ಎದುರೇ ಒಂದು ಪುಟ ಪ್ರಿಂಟ್ ತೆಗೆದು ತೋರಿಸುತ್ತೇನೆ. ಬಂದರೆ ಮುಂದಿನ ಮಾತು.

ಇನ್ನೊಂದು ಕನ್ನಡ. ಹೊಸದಾಗಿ ಟೈಪ್ ಮಾಡೋದಕ್ಕೆ ತೊಂದರೆಯೇ ಇಲ್ಲ. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕಗಪ ವಿನ್ಯಾಸ ಇದ್ದೇ ಇದೆ, ನುಡಿಯಲ್ಲಿ ಬೆರಳು ಪಳಗಿದವರಿಗೆ ಎಫ್ ಒತ್ತಿದರೆ ಒತ್ತಕ್ಷರ ಬರುತ್ತದೆ, ಬೇರೆ ಕಲಿಯಬೇಕಾಗಿಲ್ಲ. ಕಷ್ಟ ಇರೋದು ಹಳೇ ಫೈಲುಗಳಲ್ಲಿ. ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಮಾಡಿದ ಕ್ರಯಪತ್ರ, ಅರ್ಜಿ ನಮೂನೆ, ಮದುವೆ ಕಾರ್ಡು, ಎಲ್ಲ ಆಸ್ಕಿ. ಅಂದರೆ ಒಳಗಿರೋದು ಇಂಗ್ಲಿಷ್ ಕಡೆಯ ಚಿಹ್ನೆಗಳು, ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ. ಆ ಫಾಂಟನ್ನು ಮಿಂಟ್‌ಗೆ ಹಾಕಿದರೆ ಲಿಬ್ರೆಆಫೀಸ್‌ನಲ್ಲಿ ಓದಬಹುದು, ಪ್ರಿಂಟೂ ತೆಗೆಯಬಹುದು. ತಿದ್ದಬೇಕೆಂದರೆ ಯೂನಿಕೋಡ್‌ಗೆ, ಅಂದರೆ ಒಳಗೂ ಕನ್ನಡ ಅಕ್ಷರವೇ ಇರುವ ರೀತಿಗೆ ಬದಲಾಯಿಸಬೇಕು. ಕನ್ವರ್ಟರ್‌ಗಳು ಚೆನ್ನಾಗೇ ಮಾಡುತ್ತವೆ, ಆದರೂ ಅರ್ಕಾವತ್ತು, ಎರಡು ಒತ್ತು ಬರುವ ಕಡೆ ಕಣ್ಣಾಡಿಸಲೇಬೇಕು. ಕ್ರಯಪತ್ರದಲ್ಲಿ ಒಂದು ಒತ್ತು ತಪ್ಪಿದರೆ ಹೆಸರೇ ಬದಲಾಗುತ್ತದೆ.

ಡಿಟಿಪಿ ಅಂಗಡಿಗೆ ಇದೂ ಆಗಲಿಲ್ಲ. ಅವರು ಇವತ್ತಿಗೂ ಪುಟ ಜೋಡಿಸುವ 2001ರ ಸಾಫ್ಟ್‌ವೇರ್ ಪೇಜ್‌ಮೇಕರ್ 7ರಲ್ಲೇ ಕೆಲಸ ಮಾಡುತ್ತಾರೆ. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತೇ ಇಲ್ಲ. ಹೊಸ ಸಾಫ್ಟ್‌ವೇರ್ ಕಲಿಯಿರಿ ಅಂತ ಹೇಳೋದು ಸುಲಭ, ಇಪ್ಪತ್ತು ವರ್ಷದ ಕಾರ್ಡಿನ ನಮೂನೆಗಳು ಆ ಡಬ್ಬದಲ್ಲೇ ಇವೆ. ನಾನು ಮಾಡಿದ್ದು ಇಷ್ಟೇ: ಆ ಮೆಷಿನ್‌ನ ನೆಟ್ ಕೇಬಲ್ ಕಿತ್ತು, ಪಕ್ಕದಲ್ಲಿ ಮಿಂಟ್ ಹಾಕಿದ ಇನ್ನೊಂದು ಹಳೇ ಸಿಪಿಯು ಇಟ್ಟೆ. ಮೇಲ್, ವಾಟ್ಸಾಪ್‌ನಲ್ಲಿ ಬರುವ ಫೋಟೋ, ಗಿರಾಕಿ ತರುವ ಪೆನ್‌ಡ್ರೈವ್ ಎಲ್ಲ ಮೊದಲು ಅದಕ್ಕೆ.

ಕ್ರ್ಯಾಕ್ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಅರ್ಧ ಊರು ಅದರಲ್ಲೇ ನಡೆಯುತ್ತದೆ. ಲೈಸೆನ್ಸ್ ಇಲ್ಲದ ವಿಂಡೋಸ್, ಕ್ರ್ಯಾಕ್ ಮಾಡಿದ ಫೋಟೋ ಸಾಫ್ಟ್‌ವೇರ್. ಸ್ಟಾಪ್-ಡಿಜೆವಿಯು ಅನ್ನೋ ರ್‍ಯಾನ್ಸಮ್‌ವೇರ್ ಹರಡಿದ್ದೇ ಇಂಥ ಕ್ರ್ಯಾಕ್‌ಗಳ ಮೂಲಕ. ಫೋಟೋ ಸ್ಟುಡಿಯೋದವರು ಕಳೆದುಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ. ನನ್ನ ಅಂಗಡಿಯಲ್ಲಿ ಕ್ರ್ಯಾಕ್ ಹಾಕುವುದಿಲ್ಲ, ಅದಕ್ಕೆ ಕೆಲವರು ಪಕ್ಕದ ರಸ್ತೆಗೆ ಹೋಗುತ್ತಾರೆ, ಹೋಗಲಿ.

ಹೊಸದು ತಗೊಳ್ಳಿ ಅನ್ನೋ ಸಲಹೆಗೂ ಕೆಟ್ಟ ಗಳಿಗೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನೆಲ್ಲ ಎತ್ತಿಕೊಂಡು ಹೋಗುತ್ತಿವೆ. 2025ರ ಕೊನೆಗೆ ರ್‍ಯಾಮ್ ಬೆಲೆ ವಾರವಾರಕ್ಕೂ ಏರಿತು. ಡಿಸೆಂಬರ್‌ನಲ್ಲಿ ಮೆಮೊರಿ ತಯಾರಿಸುವ ಮೈಕ್ರಾನ್ ಕಂಪನಿ ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ಮುಚ್ಚುತ್ತೇವೆ ಎಂದಿತು. ಹಳೇದು ಬಿಸಾಡಿ ಅಂತ ಒಂದು ಕಂಪನಿ, ಹೊಸದಕ್ಕೆ ಬೇಕಾದ್ದು ನಿಮಗಿಲ್ಲ ಅಂತ ಇನ್ನೊಂದು.

ಇಎಸ್‌ಯುಗೆ ಸೇರಿಸಿದ ಮೆಷಿನ್‌ಗಳ ಮೇಲೆ ಚೀಟಿ ಅಂಟಿಸಿದ್ದೇನೆ, 13-10-2026 ಅಂತ. ಅಷ್ಟರೊಳಗೆ ಟ್ಯಾಲಿ ಡೇಟಾ, ಡಾಂಗಲ್ ಎಲ್ಲ ಎಂಟನೇ ಜನರೇಷನ್ ಅಥವಾ ಆಮೇಲಿನ ಡಬ್ಬಕ್ಕೆ ಹೋಗಬೇಕು. ಆಫೀಸುಗಳು ಲೀಸ್ ಮುಗಿದ ಮೆಷಿನ್‌ಗಳನ್ನು ಬಿಟ್ಟಾಗ ಎಸ್‌ಪಿ ರೋಡಿಗೆ ಅಂಥವು ಬರುತ್ತವೆ, ಈಗಲೇ ಹೇಳಿಟ್ಟಿದ್ದೇನೆ. ದಸರಾ ಲೆಕ್ಕದ ಹೊತ್ತಿಗೆ ಓಡಿ ಬರಬೇಡಿ ಅಂತ ಮಂಡಿಯವರಿಗೂ ಹೇಳಿದ್ದೇನೆ. ಅವರು ಬರುವುದು ಆಗಲೇ.