ಒಂದೇ ಲಾಡಿಯ ಸ್ಟೇಸ್: ನನ್ನ ಅನುಭವ

ಕೊನೆಗೂ ನಿಂತಿತು. 1770ರ ಕಾಲದ ಇಂಗ್ಲಿಷ್ ಸ್ಟೇಸ್, ಅಂದರೆ ಹೆಂಗಸರು ಮೈಗೆ ಬಿಗಿದು ಕಟ್ಟುತ್ತಿದ್ದ ಕಡ್ಡಿ ಹಾಕಿದ ಒಳ ಉಡುಪು. ಲಾಡಿ ಪೋಣಿಸಲು ಕೈಯಲ್ಲೇ ಹೊಲಿದ ತೂತು, ಒಂದೇ ಲಾಡಿ. 12-13 ಪ್ರದರ್ಶನ ಮುಗಿದಿದೆ, ಒಂದು ತೂತೂ ಹರಿದಿಲ್ಲ. ‘ಹಿತ್ತಾಳೆ ಐಲೆಟ್ (ತೂತಿಗೆ ಕೂರಿಸುವ ಬಳೆ) ಇಲ್ಲದೆ ಬಾಳಿಕೆ ಬರಲ್ಲ’ ಅಂದವರೇ ಈಗ ಬಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ.

ಮೊದಲ ಸ್ಟೇಸ್‌ಗೆ ನಾಟಕದವರು ಹಠ ಹಿಡಿದು ಐಲೆಟ್ ಹಾಕಿಸಿದ್ದರು. ಪಂಚ್‌ನಲ್ಲಿ ಬಟ್ಟೆಯನ್ನೇ ಕತ್ತರಿಸಿದ ಮೇಲೆ ಬಲ ಎಲ್ಲಿಂದ ಬರಬೇಕು? ಮೂರನೇ ಶೋ ಹೊತ್ತಿಗೆ ಸೊಂಟದ ಹತ್ತಿರ ನಾಲ್ಕೈದು ಕಿತ್ತು ಬಂದವು. ಲಿನನ್, ಕೂಲಿ ಸೇರಿ ಸುಮಾರು 6,000 ರೂಪಾಯಿ ನೀರಿಗೆ ಹೋಯಿತು. ಅಷ್ಟಕ್ಕೂ ಲೋಹದ ಐಲೆಟ್ ಬಳಕೆಗೆ ಬಂದಿದ್ದೇ 1820ರ ದಶಕದಿಂದ ಈಚೆಗೆ. ಆ ನಾಟಕದ ಕಾಲಕ್ಕೆ ಅದು ಒಪ್ಪುವುದೂ ಇಲ್ಲ.

ಎರಡನೇದು ನನ್ನ ಇಷ್ಟದಂತೆ. ದಬ್ಬಣದಲ್ಲಿ ಎಳೆಗಳನ್ನು ಪಕ್ಕಕ್ಕೆ ಸರಿಸಿದೆ, ಒಂದೂ ಕಡಿಯಲಿಲ್ಲ. ಸುತ್ತಲೂ ಜೇನುಮೇಣ ಸವರಿದ ಲಿನನ್ ದಾರದಲ್ಲಿ ಸುತ್ತು ಹೊಲಿಗೆ. ಕಾಜಾ ಹೊಲಿಗೆ ಬೇಡ, ಅದರ ಗಂಟು ಲಾಡಿಯನ್ನು ಸವೆಸುತ್ತದೆ. ಹತ್ತಿ ದಾರ ಅಗ್ಗ, ಆದರೆ ಬೆವರಿಗೆ ತೂತು ಬಾಯಿ ಬಿಟ್ಟಿತು. ತೂತಿನ ಎರಡೂ ಬದಿಗೆ ಬಟ್ಟೆಯೊಳಗೆ ಗಟ್ಟಿತನಕ್ಕೆ ಒಂದೊಂದು ಕಡ್ಡಿ ಇರಲೇಬೇಕು. ಮೊದಮೊದಲು ಒಂದು ತೂತಿಗೆ ಕಾಲು ಗಂಟೆ ಹಿಡಿಯುತ್ತಿತ್ತು, ಈಗ ಐದಾರು ನಿಮಿಷ.

ಜಾಣತನ ಇರುವುದು ತೂತುಗಳ ಜಾಗದಲ್ಲಿ. ಎಲ್ಲವನ್ನೂ ಎದುರುಬದುರು ಹಾಕಿ ಒಂದೇ ಲಾಡಿ ಎಳೆದರೆ ಒಂದು ಅಂಚು ಮೇಲೇರಿ ಬೆನ್ನು ಸೊಟ್ಟಗಾಗುತ್ತದೆ. ಮೇಲಿನ ಜೋಡಿ, ಕೆಳಗಿನ ಜೋಡಿ ಮಾತ್ರ ಸಮ. ಮಧ್ಯದವು ಎದುರು ಬದಿಯವಕ್ಕಿಂತ ಅರ್ಧರ್ಧ ಅಂತರ ಮೇಲೆಕೆಳಗೆ. ನನ್ನ ಅಂತರ ಒಂದಿಂಚಿನ ಆಸುಪಾಸು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಸ್ಟೇಸ್‌ಗಳ ಫೋಟೋ ದೊಡ್ಡದು ಮಾಡಿ ನೋಡಿ, ಗೊತ್ತಾಗುತ್ತದೆ. ಲಾಡಿ ಪ್ರತಿ ಸಲವೂ ಒಳಗಿಂದ ಹೊರಕ್ಕೇ ಬರಬೇಕು. ಒಂದು ತುದಿಗೆ ಗಂಟು, ಇನ್ನೊಂದನ್ನು ಎಳೆಯುತ್ತಾ ಹೋದರಾಯಿತು. ಬೂಟಿನ ಲೇಸ್ ಥರ ಎರಡು ತುದಿ ಹಿಡಿದು ಒದ್ದಾಡುವುದಿಲ್ಲ. ಎರಡು ನಿಮಿಷದೊಳಗೆ ನಟಿ ರೆಡಿ.

ಮಧ್ಯೆ ಸುಮ್ನೆ ರೇಷ್ಮೆಯಲ್ಲೂ ಲಾಡಿ ಹೆಣೆದು ನೋಡಿದೆ. ಬೆರಳಿಗೆ ಐದು ಕುಣಿಕೆ ಹಾಕಿ ಹೆಣೆಯುವ ಆ ಕ್ರಮ ಇಂಗ್ಲೆಂಡಿನಲ್ಲಿ 15ನೇ ಶತಮಾನದಲ್ಲೇ ಇತ್ತು. ಏನು ಚೆಂದ ಅಂತೀರಿ! ಆದರೆ ಜಾರುತ್ತದೆ, ಸೊಂಟದಲ್ಲಿ ಬಿಗಿ ನಿಲ್ಲಲ್ಲ. ಟ್ಯೂಡರ್ ಕಾಲದ (16ನೇ ಶತಮಾನದ ಇಂಗ್ಲೆಂಡ್) ಉಡುಪಿನ ತೋಳು ಕಟ್ಟುವ ಕಸೆಗೆ ಬರುತ್ತದೆ ಅಂತ ಎತ್ತಿಟ್ಟಿದ್ದೇನೆ. ಸ್ಟೇಸ್‌ಗೆ ಲಿನನ್ ಲಾಡಿಯೇ ಸರಿ, ಮೂರು ಮೀಟರ್ ಹತ್ತಿರ ಬೇಕು. ತುದಿಗೆ ಹಿತ್ತಾಳೆ ತಗಡು ಸುತ್ತುತ್ತೇನೆ. ಅದು ಕಳಚದ ಹಾಗೆ ಒಳಗೆ ಏನು ಸೇರಿಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಖರ್ಚು 9,000 ದಾಟಿತು, ಅದರಲ್ಲಿ ಕೈಕೆಲಸದ್ದೇ ಜಾಸ್ತಿ. ಈಗ ಅದೇ ತಂಡ ಇನ್ನೂ ನಾಲ್ಕು ಕೇಳಿದೆ, ಐಲೆಟ್ ಬೇಡ ಅಂತ ಅವರೇ ಹೇಳಿದ್ದಾರೆ. ಒಂದಕ್ಕೆ 12,000 ಹೇಳಿದ್ದೇನೆ, ಚೌಕಾಸಿ ಇಲ್ಲ.