ಹೊಳೆ ದಂಡೆಯ ಪಂಪು: ಗಾಳಿ ಎಳೆಯದಂತೆ ಕೂರಿಸುವುದು

ಗಂಗಾವತಿ ಕಡೆ ತುಂಗಭದ್ರೆಯ ದಂಡೆಗೆ 5 ಎಚ್‌ಪಿ ಮೊನೊಬ್ಲಾಕ್ (ಮೋಟರು, ಪಂಪು ಒಂದೇ ಶಾಫ್ಟಿಗೆ ಕೂಡಿದ ಪಂಪು) ಕೂರಿಸುವಾಗ ನಾನು ಮೊದಲು ಕೇಳುವುದು ಬೇಸಿಗೆಯಲ್ಲಿ ಹೊಳೆ ಎಷ್ಟು ಇಳಿಯುತ್ತದೆ ಅಂತ. ಪಂಪು ನೀರು ಎಳೆಯುತ್ತದೆ ಅನ್ನುವುದು ಬರೀ ಮಾತಿನ ರೂಢಿ. ಪಂಪಿನೊಳಗಿನ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ತಿರುಗಿ ನೀರನ್ನು ಅಂಚಿಗೆ ಎಸೆದಾಗ ನಡುವೆ ಒತ್ತಡ ಇಳಿಯುತ್ತದೆ, ಹೊಳೆಯ ಮೇಲಿರುವ ಗಾಳಿಯ ಭಾರ ನೀರನ್ನು ಪೈಪಿಗೆ ನೂಕುತ್ತದೆ. ಲೆಕ್ಕಕ್ಕೆ ಅದು 34 ಅಡಿ ಏರಿಸಬೇಕು. ಫುಟ್‌ವಾಲ್ವ್ (ಪೈಪಿನ ಕೆಳತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್), ಬೆಂಡು, ಪೈಪಿನ ತಿಕ್ಕಾಟ ಕಳೆದರೆ ನಂಬಬಹುದಾದದ್ದು 20 ಅಡಿ. ಹೊಳೆ ಅದಕ್ಕೂ ಕೆಳಗೆ ಹೋದರೆ ದೊಡ್ಡ ಮೋಟರು ತಂದು ಫಲವಿಲ್ಲ, ಪಂಪನ್ನೇ ಇಳಿಸಬೇಕು. ಬೋರ್‌ವೆಲ್‌ಗೆ ಸಬ್‌ಮರ್ಸಿಬಲ್ ಬೇಕಾಗುವುದೂ ಇದಕ್ಕೇ: ಅದು ನೀರಲ್ಲೇ ಮುಳುಗಿ, ಒಂದರ ಮೇಲೊಂದು ಕೂತ ಇಂಪೆಲ್ಲರ್‌ಗಳಿಂದ ನೀರನ್ನು ಮೇಲೆ ತಳ್ಳುತ್ತದೆ.

ನೀರು ಒಳಬರುವ ಸಕ್ಷನ್‌ಗೆ 3 ಇಂಚು, ಹೊರಹೋಗುವ ಡೆಲಿವರಿಗೆ 2.5 ಇಂಚು ಪೈಪು ಹಾಕುತ್ತೇನೆ. ಸಕ್ಷನ್ ಪೈಪು ಪಂಪಿನ ಕಡೆ ಏರುತ್ತಲೇ ಹೋಗಬೇಕು. ನಡುವೆ ಗೂನು ಬಿದ್ದರೆ ಅಲ್ಲೇ ಗಾಳಿ ಕೂರುತ್ತದೆ. ಫುಟ್‌ವಾಲ್ವ್ ನೀರಿನ ಮಟ್ಟದಿಂದ 2 ಅಡಿ ಆಳಕ್ಕಿರಲಿ, ತಳದಿಂದ 1 ಅಡಿ ಮೇಲಿರಲಿ. ತಳಕ್ಕೆ ತಾಗಿದರೆ ಮರಳು ಎಳೆದು ಇಂಪೆಲ್ಲರ್ ಸವೆಸುತ್ತದೆ.

ಚಾಲೂ ಮಾಡುವ ಮೊದಲು ಪಂಪಿಗೂ ಸಕ್ಷನ್ ಪೈಪಿಗೂ ಗುಳ್ಳೆ ನಿಲ್ಲುವವರೆಗೆ ನೀರು ಹುಯ್ದು ಹತ್ತು ನಿಮಿಷ ಬಿಡಿ. ಮಟ್ಟ ಇಳಿದರೆ ಫುಟ್‌ವಾಲ್ವಿನ ಬಾಯಲ್ಲಿ ಕಸ ಸಿಕ್ಕಿರಬಹುದು. ಡೆಲಿವರಿ ವಾಲ್ವ್ ಬಂದ್ ಇಟ್ಟು ಚಾಲೂ ಮಾಡಿ, ಆಗ ಮೋಟರಿನ ಮೇಲೆ ಭಾರ ಕಡಿಮೆ. ತಕ್ಷಣ ನಿಧಾನಕ್ಕೆ ತೆರೆಯಿರಿ, ಬಂದ್ ಇಟ್ಟೇ ಓಡಿಸಿದರೆ ಒಳಗಿನ ನೀರು ಕಾಯುತ್ತದೆ.

ನೀರು ಬಂದು ಬಂದು ಕಡಿಯುತ್ತಿದ್ದರೆ ಗಾಳಿ ಸೇರುತ್ತಿದೆ. ಸಕ್ಷನ್ ಜಾಯಿಂಟಿನ ಸಂದಿಯಿಂದ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಕಣ್ಣಿಗೆ ಕಾಣದು. ಪಂಪು ಓಡುತ್ತಿರುವಾಗ, ಗಾಳಿ ಬೀಸದಂತೆ ಟವೆಲ್ಲು ಅಡ್ಡ ಹಿಡಿದು ಊದುಬತ್ತಿಯನ್ನು ಪೈಪು ಜೋಡಿಸುವ ಫ್ಲೇಂಜಿನ ಸುತ್ತ ಸರಿಸಿ. ಹೊಗೆ ಸಂದಿಯೊಳಗೆ ಬಾಗಿದರೆ ಪ್ಯಾಕಿಂಗ್ ಬದಲಿಸಿ. ಶಾಫ್ಟ್ ಹೊರಬರುವ ಕಡೆಯ ಪ್ಯಾಕಿಂಗ್, ಅಂದರೆ ಗ್ಲ್ಯಾಂಡ್, ಮಾತ್ರ ಹನಿ ಹನಿ ತೊಟ್ಟಿಕ್ಕಲೇಬೇಕು; ಪೂರಾ ಒಣಗುವಷ್ಟು ಬಿಗಿದರೆ ಶಾಫ್ಟ್ ಸವೆಯುತ್ತದೆ.

ತ್ರೀ ಫೇಸ್ ಮೋಟರು ಉಲ್ಟಾ ತಿರುಗಿದರೂ ನೀರು ಬರುತ್ತದೆ, ಆದರೆ ಕಡಿಮೆ. ಎಷ್ಟೋ ಜನ ಇದನ್ನು ಹೊಳೆಯ ಮೇಲೆ ಹಾಕುತ್ತಾರೆ! ಕರೆಂಟ್ ಬಂದ್ ಮಾಡಿ, ಎರಡು ವೈರು ಅದಲುಬದಲು ಮಾಡಿದರೆ ಆಯಿತು.

ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂತೆ ಸದ್ದು ಬಂದರೆ ಡೆಲಿವರಿ ವಾಲ್ವನ್ನು ಸ್ವಲ್ಪ ಮುಚ್ಚಿ ನೋಡಿ. ಸದ್ದು ತಗ್ಗಿದರೆ ತೊಂದರೆ ಸಕ್ಷನ್‌ನಲ್ಲಿದೆ: ಫುಟ್‌ವಾಲ್ವಿನ ಜಾಲರಿಗೆ ಸಿಕ್ಕ ಪಾಚಿ ತೆಗೆಯಿರಿ.